ಬಲ್ಬ್ ಉರಿಯುವಾಗ ಸೈಕಲ್ ತುಳಿಯುವುದು ಭಾರವಾಗುವುದೇಕೆ?

ಪ್ರಶ್ನೆ:
ನಾನು ವಾಣಿಜ್ಯ ಓದಿದವನು. ವಿಜ್ಞಾನ ಹತ್ತನೆಯ ತರಗತಿಗೇ ಮುಗಿಯಿತು. ತಂದೆಯವರ ಹಳೆಯ ಸೈಕಲ್ಲಿನ ಡೈನಮೊ (ಟೈರಿಗೆ ತಾಗಿ ತಿರುಗುತ್ತಾ ಬಲ್ಬಿಗೆ ವಿದ್ಯುತ್ ಕೊಡುವ ಸಾಧನ) ಇನ್ನೂ ಕೆಲಸ ಮಾಡುತ್ತಿದೆ. ಅದನ್ನು ಟೈರಿಗೆ ತಾಗಿಸಿದಾಗ ಪೆಡಲ್ ಬಿಗಿಯಾಗುವುದು ಬರೀ ಉಜ್ಜಾಟದಿಂದ ಎಂದುಕೊಂಡಿದ್ದೆ. ಆದರೆ ಚಕ್ರವನ್ನು ಮೇಲೆತ್ತಿ ಕೈಯಿಂದ ಪೆಡಲ್ ತಿರುಗಿಸುತ್ತಾ ಬಲ್ಬಿನ ತಂತಿಯನ್ನು ಕಳಚಿದರೆ, ಡೈನಮೊ ಟೈರಿಗೆ ಒತ್ತಿಕೊಂಡೇ ಇದ್ದರೂ, ಪೆಡಲ್ ಹಗುರವಾಗುತ್ತದೆ. ತಂತಿ ಕಳಚಿದ್ದು ಪೆಡಲಿಗೆ ಹೇಗೆ ತಿಳಿಯುತ್ತದೆ?

ಉತ್ತರ 1:
ಬಹಳ ಒಳ್ಳೆಯ ಪ್ರಶ್ನೆ. ತಂತಿಯಲ್ಲಿ ವಿದ್ಯುತ್ ಹರಿದಾಗ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗುತ್ತದೆ ಎಂಬುದನ್ನು ವಿಜ್ಞಾನಿ ಅರ್ಸ್ಟೆಡ್ 1820ರಲ್ಲಿ ಕಂಡರು; ಅಂದರೆ ವಿದ್ಯುತ್ ಹರಿಯುವ ಸುರುಳಿ ತಾನೇ ಒಂದು ಅಯಸ್ಕಾಂತ. ಇದರ ಮರುಮುಖವನ್ನು, ಬದಲಾಗುತ್ತಿರುವ ಕಾಂತಕ್ಷೇತ್ರವು ಸುರುಳಿಯಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ ಎಂಬುದನ್ನು, 1831ರಲ್ಲಿ ಇನ್ನೊಬ್ಬ ವಿಜ್ಞಾನಿ ಫ್ಯಾರಡೆ ತೋರಿಸಿದರು. ಇಲ್ಲಿ 'ಬದಲಾಗುತ್ತಿರುವ' ಎಂಬ ಪದವೇ ಮುಖ್ಯ. ಸೈಕಲ್ ನಿಂತೊಡನೆ ಬಲ್ಬ್ ಆರುವುದು ಅದಕ್ಕೇ.

ನಿಮ್ಮ ಡೈನಮೊದಲ್ಲಿ ಅಯಸ್ಕಾಂತ ತಿರುಗುತ್ತದೆ, ತಾಮ್ರದ ಸುರುಳಿ ಅಲುಗದೆ ಕೂತಿರುತ್ತದೆ. ತಂತಿ ಕಳಚಿದ್ದಾಗಲೂ ವೋಲ್ಟೇಜ್ ಹುಟ್ಟುತ್ತದೆ, ಆದರೆ ಹರಿಯಲು ದಾರಿಯಿಲ್ಲ. ತಂತಿ ಜೋಡಿಸಿದೊಡನೆ ವಿದ್ಯುತ್ ಹರಿದು ಸುರುಳಿಯೂ ಅಯಸ್ಕಾಂತವಾಗುತ್ತದೆ. ಹತ್ತಿರ ಬರುವ ಧ್ರುವವನ್ನು ಅದು ದೂಡುತ್ತದೆ, ದೂರ ಸರಿಯುವ ಧ್ರುವವನ್ನು ಹಿಡಿದೆಳೆಯುತ್ತದೆ. ಎರಡೂ ತಿರುಗುವಿಕೆಗೆ ಅಡ್ಡಿಯೇ. ನಿಮ್ಮ ಕೈಗೆ ತಾಗುವುದು ಈ ಅಡ್ಡಿ. ವಿಜ್ಞಾನಿ ಲೆನ್ಜ್ 1834ರಲ್ಲಿ ಹೇಳಿದ ನಿಯಮ ಇದೇ.

ಉತ್ತರ 2:
ಒಂದು ಮಾತು ಸೇರಿಸುತ್ತೇನೆ. ತಂತಿ ಕಳಚಿದ ಮೇಲೂ ಉಳಿಯುವ ಬಿಗಿ ಪೂರ್ತಿ ಉಜ್ಜಾಟದ್ದಲ್ಲ. ಸುರುಳಿಯ ಒಳಗಿರುವ ಕಬ್ಬಿಣವೂ ಅಯಸ್ಕಾಂತವನ್ನು ಎಳೆಯುತ್ತಿರುತ್ತದೆ.

ನಾನು ಮಕ್ಕಳಿಗೆ ಇದನ್ನು ತಾಮ್ರದ ಕೊಳವೆಯಿಂದ ತೋರಿಸುತ್ತೇನೆ. ನಿಯೋಡಿಮಿಯಮ್ ಅಯಸ್ಕಾಂತ (ಬಹಳ ಬಲವಾದ ಒಂದು ಬಗೆಯ ಅಯಸ್ಕಾಂತ) ತಾಮ್ರಕ್ಕೆ ಅಂಟುವುದಿಲ್ಲ ಎಂಬುದನ್ನು ಮೊದಲು ಅವರ ಕೈಯಲ್ಲೇ ಪರೀಕ್ಷೆ ಮಾಡಿಸಬೇಕು. ಬಳಿಕ ಅದನ್ನು ಒಂದು ಮೀಟರ್ ಉದ್ದದ, ದಪ್ಪ ಗೋಡೆಯ ಕೊಳವೆಯೊಳಗೆ ಬಿಡಬೇಕು. ಹೊರಗೆ ಬಿಟ್ಟರೆ 0.45 ಸೆಕೆಂಡಿನಲ್ಲಿ ನೆಲ ಸೇರುವ ಅಯಸ್ಕಾಂತ ಒಳಗೆ ನಿಧಾನವಾಗಿ ತೇಲಿದಂತೆ ಇಳಿಯುತ್ತದೆ. ಏಕೆಂದರೆ ಕೊಳವೆಯ ಗೋಡೆಯೇ ಸುರುಳಿಯಾಗಿ, ಅದರಲ್ಲಿ ಹರಿಯುವ ವಿದ್ಯುತ್ ಬೀಳುವುದನ್ನು ತಡೆಯುತ್ತದೆ.

ಪ್ರಶ್ನೆ ಕೇಳಿದವರು:
ಹಾಗಾದರೆ ಸುರುಳಿಯು ತಡೆಯುವ ಬದಲು ನೆರವಾಗುವಂತೆ ಏಕಿಲ್ಲ?

ಉತ್ತರ 1 ಬರೆದವರು:
ನೆರವಾಗಿದ್ದರೆ ಒಮ್ಮೆ ತಿರುಗಿಸಿ ಬಿಟ್ಟ ಡೈನಮೊ ತಾನೇ ವೇಗ ಹೆಚ್ಚಿಸಿಕೊಳ್ಳುತ್ತಾ, ಯಾರೂ ತುಳಿಯದೆಯೇ ದೀಪ ಉರಿಸಬೇಕಿತ್ತು. ಶಕ್ತಿ ಹಾಗೆ ಶೂನ್ಯದಿಂದ ಹುಟ್ಟುವುದಿಲ್ಲ. 6 ವೋಲ್ಟಿನ, 3 ವ್ಯಾಟಿನ ಬಲ್ಬಿಗೆ ಅರ್ಧ ಆಂಪಿಯರ್ ಹರಿಯುತ್ತದೆ. ಆ 3 ವ್ಯಾಟನ್ನೂ, ನಡುವೆ ನಷ್ಟವಾಗುವುದನ್ನೂ ನಿಮ್ಮ ಕಾಲೇ ಕೊಡಬೇಕು. ಶರಾವತಿಯ ಜನರೇಟರುಗಳಲ್ಲಿಯೂ ನಡೆಯುವುದು ಇದೇ: ಸಂಜೆ ಮನೆಮನೆಯಲ್ಲಿ ದೀಪ ಹತ್ತಿದಂತೆ ಅವುಗಳನ್ನು ತಿರುಗಿಸುವುದು ಭಾರವಾಗುತ್ತದೆ, ವೇಗ ಕುಗ್ಗದಂತೆ ಟರ್ಬೈನಿಗೆ ಇನ್ನಷ್ಟು ನೀರು ಬಿಡಬೇಕಾಗುತ್ತದೆ.