ಅಪ್‌ಡೇಟ್: ಗಾಲ್ಫ್ ಜಿಟಿಐಗೆ ಕಾರ್ಬುರೇಟರ್ ಹಾಕಿಸಲಿಲ್ಲ, ಇಂಜೆಕ್ಷನ್ನನ್ನೇ ಉಳಿಸಿಕೊಂಡೆ

ಜರ್ಮನಿಯಲ್ಲಿ ನಾನು ಓಡಿಸುತ್ತಿರುವ 1982ರ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಕಾರು, ಬಿಸಿಯಾದ ಮೇಲೆ ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತಿದ್ದುದರಿಂದ, ಅದರ ಕೆ-ಜೆಟ್ರಾನಿಕ್ ಇಂಜೆಕ್ಷನ್ (ಎಂಜಿನ್ನಿಗೆ ಒತ್ತಡದಲ್ಲಿ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ) ತೆಗೆಸಿ ಜೋಡಿ ವೆಬರ್ ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಹಳೆಯ ಬಗೆಯ ಸಾಧನ) ಹಾಕಿಸಬಹುದೇ ಎಂದು ಇಲ್ಲಿ ಕೇಳಿದ್ದೆ. ಅದರ ಅಗತ್ಯವೇ ಬೀಳಲಿಲ್ಲ.

ಸ್ಪಾರ್ಕ್ ಪ್ಲಗ್, ಫ್ಯೂಯೆಲ್ ಫಿಲ್ಟರ್ ಬದಲಿಸಿದ್ದರಿಂದ ಏನೂ ವ್ಯತ್ಯಾಸವಾಗಲಿಲ್ಲ. ಮೊದಲು ಗೇಜ್ ಜೋಡಿಸಿ ಪೆಟ್ರೋಲಿನ ಒತ್ತಡ ಅಳೆಯಿರಿ ಎಂದವರ ಸಲಹೆಯೇ ಫಲಿಸಿತು. ಎಂಜಿನ್ ಓಡುವಾಗ ಸುಮಾರು 5 ಬಾರ್ ಇದ್ದ ಒತ್ತಡ, ಆಫ್ ಮಾಡಿದ ಕೆಲವೇ ನಿಮಿಷಗಳಲ್ಲಿ ಪೂರ್ತಿ ಇಳಿದುಹೋಗುತ್ತಿತ್ತು. ಅದನ್ನು ಹಿಡಿದಿಡಬೇಕಾದ ಫ್ಯೂಯೆಲ್ ಅಕ್ಯುಮುಲೇಟರ್‌ನ ಒಳಪೊರೆ ಹಳತಾಗಿ ಹರಿದಿದ್ದರಿಂದ, ಒತ್ತಡವಿಲ್ಲದ ಪೈಪುಗಳಲ್ಲಿನ ಪೆಟ್ರೋಲ್ ಎಂಜಿನ್ನಿನ ಶಾಖಕ್ಕೆ ಆವಿಯಾಗಿ, ಕಾರು ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು. ಅಕ್ಯುಮುಲೇಟರ್‌ನ ಹಿಂಬದಿಯ ಸಣ್ಣ ಪೈಪ್ ಕಳಚಿದಾಗ ಅಲ್ಲಿಂದ ಪೆಟ್ರೋಲ್ ಬಂದದ್ದೇ ಪೊರೆ ಹರಿದದ್ದಕ್ಕೆ ಪುರಾವೆ. ಅಕ್ಯುಮುಲೇಟರನ್ನೂ, ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವನ್ನೂ ಬದಲಿಸಿದ ಮೇಲೆ ಕಾರು ಬಿಸಿಯಲ್ಲೂ ಮೊದಲ ಪ್ರಯತ್ನಕ್ಕೇ ಸ್ಟಾರ್ಟ್ ಆಗುತ್ತಿದೆ.

ನನಗೆ ನಿಜಕ್ಕೂ ಅಚ್ಚರಿ ತಂದದ್ದೆಂದರೆ, ಈ ಇಂಜೆಕ್ಷನ್ ವ್ಯವಸ್ಥೆಯಲ್ಲಿ ಕಂಪ್ಯೂಟರೇ ಇಲ್ಲ. ಒಳನುಗ್ಗುವ ಗಾಳಿ ಎತ್ತುವ ತಟ್ಟೆಯೊಂದು ಪ್ಲಂಜರನ್ನು (ಒಳಗೆ ಜಾರುವ ಸಣ್ಣ ದಂಡ) ಸರಿಸಿ ಪೆಟ್ರೋಲಿನ ಪ್ರಮಾಣವನ್ನು ನಿರ್ಧರಿಸುತ್ತದೆ. ಇಷ್ಟು ಸೊಗಸಾದ ಯಂತ್ರವನ್ನು ಕಿತ್ತುಹಾಕಲು ನನಗೆ ಮನಸ್ಸಿಲ್ಲ. ಅಲ್ಲದೆ, ಇಲ್ಲಿ 30 ವರ್ಷ ದಾಟಿದ ಕಾರುಗಳಿಗೆ ಸಿಗುವ 'ಎಚ್' ನಂಬರ್ ಪ್ಲೇಟಿಗೆ ಕಾರು ಬಹುಮಟ್ಟಿಗೆ ಮೂಲ ಸ್ಥಿತಿಯಲ್ಲೇ ಇರಬೇಕಾಗುತ್ತದೆ.