ವಾರ್ಡಿನ ಗುಂಪಿನಲ್ಲಿ ನಮ್ಮ ಬಗ್ಗೆ ಎಷ್ಟು ಹೇಳಿಕೊಳ್ಳಬಹುದು?

ಕೇಳಿದವರು, ಮಂಗಳೂರಿನ ಬಿಜೈಯಿಂದ

ಚರಂಡಿ, ಬೀದಿದೀಪ, ಕಸದ ವಿಚಾರಗಳಿಗಾಗಿ ನಮ್ಮ ವಾರ್ಡಿನವರು ಮಾಡಿಕೊಂಡ ವಾಟ್ಸ್‌ಆ್ಯಪ್ ಗುಂಪಿಗೆ ಹೋದ ತಿಂಗಳು ಸೇರಿದೆ. ಸುಮಾರು 200 ಮಂದಿ ಇದ್ದಾರೆ, ಅರ್ಧದಷ್ಟು ಜನರ ಮುಖಪರಿಚಯವೂ ನನಗಿಲ್ಲ. ಹೊಸದಾಗಿ ಬಂದವರು ತಮ್ಮ ಬಗ್ಗೆ ಐದು ಸಣ್ಣ ಸಂಗತಿಗಳನ್ನು ಬರೆಯಬೇಕೆಂಬುದು ಅಲ್ಲಿನ ರೂಢಿ. ಮುಂದೆ ವಾರ್ಡ್ ಸಮಿತಿಯಲ್ಲಿ ಕೆಲಸ ಮಾಡಬೇಕೆಂಬ ಆಸೆ ನನಗಿದೆ. ಆದರೆ ಪತಿ ಗಲ್ಫ್‌ನಲ್ಲಿದ್ದು, ಮನೆಯಲ್ಲಿ ನಾನು ಮತ್ತು ಮಗಳು ಇಬ್ಬರೇ ಇರುವುದರಿಂದ ಬರೆಯಲು ಹಿಂಜರಿಕೆಯಾಗುತ್ತಿದೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉಡುಪಿಯಿಂದ

ಅಕ್ಕಾ, ಬರೆಯಿರಿ ಎಂದೇ ನನ್ನ ಸಲಹೆ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯಿರುವ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕೆಂದು ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. ಮಂಗಳೂರು ಆ ಲೆಕ್ಕದೊಳಗೆ ಬರುತ್ತದೆ, ನಮ್ಮ ಉಡುಪಿ ಬರುವುದಿಲ್ಲ. ಆದ್ದರಿಂದ ನಮಗೆ ನೆರೆಹೊರೆಯವರ ಗುಂಪೇ ಸಮಿತಿಯಿದ್ದ ಹಾಗೆ.

ನಾನು ಬರೆದ ಐದರಲ್ಲಿ ಒಂದು, ನಮ್ಮ ತಾರಸಿಯಲ್ಲಿ ಮಲ್ಲಿಗೆಯ ಕುಂಡಗಳಿವೆ, ಬೆಳಗ್ಗೆ ಐದಕ್ಕೆ ಎದ್ದು ಮೊಗ್ಗು ಕೊಯ್ಯುತ್ತೇನೆ ಎಂಬುದು. ಚೆಂಡೊಂದಕ್ಕೆ 800 ಹೂ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಷ್ಟನ್ನೂ ಬಾಳೆನಾರಿನಲ್ಲಿ ಕಟ್ಟಿ ಹೊತ್ತಿಗೆ ಸರಿಯಾಗಿ ಹೂವಿನವರಿಗೆ ಒಪ್ಪಿಸಬೇಕಾದರೆ ಕತ್ತಲಿರುವಾಗಲೇ ಕೈ ಓಡಬೇಕು. ಅದನ್ನು ಓದಿದ ನೆರೆಮನೆಯವರೊಬ್ಬರು, ಆ ಹೊತ್ತಿನಲ್ಲಿ ನಮ್ಮ ರಸ್ತೆಯ ದೀಪಗಳು ಉರಿಯುತ್ತಿರುತ್ತವೆಯೇ ಎಂದು ಕೇಳಿದರು. ಅಷ್ಟು ವರ್ಷ ತಾರಸಿಯ ಮೇಲೆ ನಿಂತರೂ ನಾನು ಅದನ್ನು ಗಮನಿಸಿರಲಿಲ್ಲ. ಮರುದಿನದಿಂದ ನೋಡಿದರೆ, ತಿರುವಿನ ಆಚೆಯ ದೀಪಗಳು ನಾನು ಮೇಲೆ ಬರುವ ಮೊದಲೇ ಆರಿರುತ್ತಿದ್ದವು, ಮುಖ್ಯರಸ್ತೆಯವು ಬಿಸಿಲೇರಿದ ಮೇಲೂ ಉರಿಯುತ್ತಿದ್ದವು. ಒಂದು ತಿಂಗಳ ಕಾಲ ಕಂಬದ ಸಂಖ್ಯೆ ಸಹಿತ ಬರೆದಿಟ್ಟು ಸಂಬಂಧಪಟ್ಟ ಕಚೇರಿಗೆ ಕೊಟ್ಟ ಬಳಿಕ ಟೈಮರ್ ಸರಿಪಡಿಸಿದರು.

ಆದರೆ ಇದೇ ಸಂಗತಿ ಇನ್ನೊಂದು ಸಲ ನನಗೇ ತಿರುಗಿ ಬಂತು. ನಸುಕಿನಲ್ಲಿ ಗೂಡ್ಸ್ ಟೆಂಪೊ ಒಂದು ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಕೋಳಿಯ ತ್ಯಾಜ್ಯ ಸುರಿಯುವುದನ್ನು ಕಂಡು ಹೆಸರು ಹಾಕದೆ ದೂರು ಕೊಟ್ಟೆ. ಆ ಹೊತ್ತಿಗೆ ಎಚ್ಚರವಿರುವವಳು ನಾನೊಬ್ಬಳೇ ಎಂದು ಗುಂಪಿನ ಎಲ್ಲರಿಗೂ ತಿಳಿದಿದ್ದ ಮೇಲೆ ಹೆಸರು ಹಾಕದೆ ಏನು ಪ್ರಯೋಜನ? ಮೂರನೆಯ ದಿನ ಟೆಂಪೊದವರು ನಮ್ಮ ಗೇಟಿನ ಮುಂದೆ ನಿಂತು, ಇಲ್ಲಿ ಹೂ ಕಟ್ಟುವವರು ಯಾರು ಎಂದು ನನ್ನ ಅತ್ತೆಯನ್ನು ವಿಚಾರಿಸಿದರು. ಬೈಯಲಿಲ್ಲ, ಕೈ ಎತ್ತಲಿಲ್ಲ, ಆದರೂ ಅತ್ತೆ ಒಂದು ವಾರ ಅಂಗಳಕ್ಕೆ ಇಳಿಯಲಿಲ್ಲ. ಅಂದಿನಿಂದ ನಮ್ಮಲ್ಲಿ ಕಂಡವರು ಒಬ್ಬರಾದರೆ ದೂರಿಗೆ ಸಹಿ ಹಾಕುವವರು ಬೇರೆ ಮೂವರು. ನಿಮ್ಮ ಐದು ಸಂಗತಿಗಳನ್ನು ಬರೆಯುವ ಮೊದಲು ಪ್ರತಿಯೊಂದರ ಮುಂದೆಯೂ, ಇದನ್ನು ಓದಿದವರು ನನ್ನನ್ನು ಯಾವ ಹೊತ್ತಿನಲ್ಲಿ ಎಲ್ಲಿ ಹುಡುಕಬಲ್ಲರು ಎಂದು ಕೇಳಿಕೊಳ್ಳಿ. ಮನೆಯಲ್ಲಿ ಇಬ್ಬರೇ ಇದ್ದೇವೆಂದು ಇಲ್ಲಿ ಬರೆದ ಆ ಸಾಲು ಅಲ್ಲಿ ಖಂಡಿತ ಬೇಡ.

ಮಂಗಳೂರಿನ ಕೊಟ್ಟಾರದಿಂದ, ನಿವೃತ್ತರೊಬ್ಬರು

ಅಮ್ಮಾ, ನಮ್ಮ ಕರಾವಳಿಯಲ್ಲಿ ಸಣ್ಣ ಸಂಗತಿಗಳು ಅಷ್ಟು ಸಣ್ಣವಲ್ಲ. ತರವಾಡು ಮನೆಯ (ಕುಟುಂಬದ ಮೂಲಮನೆಯ) ಹೆಸರು, ಬಳಿ (ತಾಯಿಯ ಕಡೆಯಿಂದ ಬರುವ ಕುಲ), ನೇಮಕ್ಕೆ (ದೈವದ ಉತ್ಸವಕ್ಕೆ) ಹೋಗುವ ಊರು, ಮನೆಯ ಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಎಂಬುದು, ಇವುಗಳಲ್ಲಿ ಯಾವುದನ್ನು ಬರೆದರೂ ಓದಿದವರಿಗೆ ನಮ್ಮ ಜಾತಿಯೋ ಧರ್ಮವೋ ತಿಳಿದುಹೋಗುತ್ತದೆ. ನಮ್ಮ ಗುಂಪಿನಲ್ಲಿ ಇಬ್ಬರು ತರವಾಡಿನ ಹೆಸರು ಬರೆದರು. ಕೂಡಲೇ ಸಂಬಂಧ ಹುಡುಕುವ ಮಾತು ಶುರುವಾಯಿತು, ಅದಕ್ಕೆ ಸೇರದವರು ಒಬ್ಬೊಬ್ಬರಾಗಿ ಮೌನವಾದರು, ಮಳೆಗಾಲಕ್ಕೆ ಮೊದಲು ಆಗಬೇಕಿದ್ದ ಹೂಳೆತ್ತುವ ವಿಚಾರವನ್ನು ಎರಡು ವಾರ ಯಾರೂ ಎತ್ತಲಿಲ್ಲ. ಹೇಳಿಕೊಂಡವರದು ತಪ್ಪೆಂದು ನಾನು ಹೇಳುವುದಿಲ್ಲ. ಪ್ರೀತಿಯಿಂದಲೇ ಬರೆದಿದ್ದರು. ಆದರೆ ಚರಂಡಿ ಎಲ್ಲರದ್ದು.

ನೆನಪುಗಳನ್ನು ಮಾತ್ರ ಧಾರಾಳವಾಗಿ ಬರೆಯಬಹುದು. ಎರಡು ಒಣ ತೆಂಗಿನಕಾಯಿಗಳನ್ನು ಜೋಡಿಸಿ ಸೊಂಟಕ್ಕೆ ಕಟ್ಟಿಕೊಂಡು, ಈಗ ವಸತಿ ಸಮುಚ್ಚಯದ ಹಿಂದಿರುವ ತೋಡಿನಲ್ಲಿ ಈಜು ಕಲಿತೆ ಎಂದು ನಾನು ಬರೆದೆ. ಅದನ್ನು ಓದಿದ ಇನ್ನೊಬ್ಬ ಹಿರಿಯರು, ಆ ತೋಡಿಗೆ ಸಂಕ (ಕಾಲುಸೇತುವೆ) ಹಾಕಲು ಇಡೀ ಅಡಿಕೆಮರವೇ ಬೇಕಾಗುತ್ತಿತ್ತು ಎಂದು ನೆನಪಿಸಿಕೊಂಡರು. ಇಂದು ಅದನ್ನು ಎರಡು ಹೆಜ್ಜೆಯಲ್ಲಿ ದಾಟಬಹುದು. 2018ರ ಮೇ 29ರ ಮಳೆಗೆ ಊರೆಲ್ಲ ನೀರು ನಿಂತದ್ದನ್ನು ನೋಡಿದವರಿಗೆ ಇದರ ಅರ್ಥ ತಿಳಿಯುತ್ತದೆ. ನಮ್ಮಿಬ್ಬರ ಮಾತನ್ನು ಹಿಡಿದುಕೊಂಡು ಕಿರಿಯರು ಸರ್ವೆ ನಕ್ಷೆಯ ಪ್ರತಿಗೆ ಅರ್ಜಿ ಹಾಕಿದರು. ಇಂಥ ನೆನಪಿನಿಂದ ಹೇಳಿದವರಿಗೆ ಕೇಡಿಲ್ಲ, ಕೇಳಿದವರಿಗೆ ಕೆಲಸವಿದೆ.

ಸುರತ್ಕಲ್‌ನಿಂದ

ಕಾನೂನಿನ ಮಟ್ಟಿಗೆ ಎರಡು ಮಾತು. ಪಾಲಿಕೆಯ ವಾರ್ಡ್ ಸಮಿತಿಯಲ್ಲಿ ಕಾರ್ಪೊರೇಟರ್ ಅಧ್ಯಕ್ಷರಾದರೆ ಉಳಿದ ಹತ್ತು ಸದಸ್ಯರಲ್ಲಿ ಕನಿಷ್ಠ ಮೂವರು ಮಹಿಳೆಯರಿರಬೇಕು. ಅದಕ್ಕೆ ಹಾಕುವ ಅರ್ಜಿಯಲ್ಲಿ ವಿಳಾಸ ಕೊಡುವುದು ಬೇರೆ, 200 ಮಂದಿಯ ಎದುರು ಬರೆಯುವುದು ಬೇರೆ. ಮಾಹಿತಿ ಹಕ್ಕಿನ ಅರ್ಜಿ ಹಾಕುವಾಗಲೂ ಇದೇ ಎಚ್ಚರವಿರಲಿ. 2005ರ ಆ ಕಾಯ್ದೆಯ 6(2)ನೇ ಕಲಮಿನ ಪ್ರಕಾರ ಕಾರಣ ಹೇಳಬೇಕಾಗಿಲ್ಲ, ಸಂಪರ್ಕಕ್ಕೆ ಬೇಕಾದಷ್ಟನ್ನು ಬಿಟ್ಟು ಬೇರೆ ವೈಯಕ್ತಿಕ ವಿವರವನ್ನೂ ಕೊಡಬೇಕಾಗಿಲ್ಲ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಉತ್ತರ ಬಂದಾಗ ಉತ್ಸಾಹದಿಂದ ಇಡೀ ಪುಟದ ಫೋಟೊ ಗುಂಪಿಗೆ ಹಾಕುತ್ತೇವಲ್ಲ, ಮೇಲ್ಭಾಗದಲ್ಲಿ ನಮ್ಮ ಮನೆಯ ವಿಳಾಸ ಅಚ್ಚಾಗಿರುತ್ತದೆ. ಅದನ್ನು ಮುಚ್ಚಿ ಹಾಕಿ. ಗುಂಡಿಯ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ತೆಗೆದ ಸ್ಥಳದ ವಿವರವೂ ಜೊತೆಗೆ ಹೋಗಬಹುದು. ಗುಂಡಿಗೆ ಅದು ಒಳ್ಳೆಯದು, ಮನೆಯೊಳಗಿಂದ ತೆಗೆದ ಫೋಟೊಗೆ ಒಳ್ಳೆಯದಲ್ಲ. ಹುಟ್ಟಿದ ದಿನಾಂಕ, ಮಗಳ ಶಾಲೆ, ವಾಹನದ ಸಂಖ್ಯೆ ಬರೆಯಲೇಬೇಡಿ. ಯಾರಾದರೂ ಈ ವಿವರ ಹಿಡಿದು ಹಣ ಲಪಟಾಯಿಸಿದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೇಳಿದವರಿಂದ, ಎರಡು ದಿನಗಳ ನಂತರ

ಇಷ್ಟು ವಿವರವಾಗಿ ಉತ್ತರಿಸಿದ ಎಲ್ಲರಿಗೂ ವಂದನೆಗಳು. ಐದರ ಬದಲು ಎರಡನ್ನೇ ಬರೆದೆ. ಮದುವೆಗೆ ಮೊದಲು ಲೆಕ್ಕಪರಿಶೋಧಕರ ಬಳಿ ಕೆಲಸ ಮಾಡಿದ್ದರಿಂದ ಟೆಂಡರ್ ಕಾಗದಗಳನ್ನು ಓದಬಲ್ಲೆ ಎಂಬುದು ಮೊದಲನೆಯದು. ಹತ್ತು ವರ್ಷಗಳಿಂದ ಅಂಗಳದಲ್ಲಿ ನೇರ ಅಂಚಿನ ಡಬ್ಬಿಯಿಟ್ಟು, ಸ್ಕೇಲಿನಿಂದ ಮಳೆಯನ್ನು ಅಳೆದು ನೋಟ್‌ಪುಸ್ತಕದಲ್ಲಿ ಬರೆಯುತ್ತೇನೆ ಎಂಬುದು ಎರಡನೆಯದು. ಬರೆದು ಸ್ವಲ್ಪ ಹೊತ್ತಿನಲ್ಲೇ ಒಬ್ಬರು, 2018ರ ಮೇ 29ರ ಮಳೆ ನಿಮ್ಮ ಪುಸ್ತಕದಲ್ಲಿದೆಯೇ ಎಂದು ಕೇಳಿದರು. ಇದೆ. ಆ ದಿನ ಡಬ್ಬಿ ತುಂಬಿ ಚೆಲ್ಲುತ್ತದೆಂದು ನಡುವೆ ಎರಡು ಬಾರಿ ಅಳೆದು ಖಾಲಿ ಮಾಡಿದ್ದೆ. ಆ ಪುಟದ ಪ್ರತಿಯನ್ನು ಭಾನುವಾರದ ಸಭೆಗೆ ತೆಗೆದುಕೊಂಡು ಹೋಗುತ್ತೇನೆ.