ಅಜ್ಜಿಯ ಬಾಯಲ್ಲಿ ಅಕ್ಕರೆಯಾಗಿದ್ದ ಬೈಗುಳ ಈಗ ಏಕೆ ನೋಯಿಸುತ್ತದೆ?

ಪ್ರಶ್ನೆ (ಹಾಸನದಿಂದ)

ನನ್ನ ಅಜ್ಜಿ, ಅಂದರೆ ತಂದೆಯ ತಾಯಿ, ಹೊಳೆನರಸೀಪುರದ ಕಡೆಯವರು. ಮೊಮ್ಮಕ್ಕಳನ್ನಾಗಲಿ, ಹಗ್ಗ ಬಿಚ್ಚಿಕೊಂಡು ಹಾಲೆಲ್ಲ ಕುಡಿದುಬಿಟ್ಟ ಕರುವನ್ನಾಗಲಿ ಅವರು ಕರೆಯುತ್ತಿದ್ದುದು ‘ಮುಂಡೇದೆ’ ಎಂದೇ. ‘ಬಾ ಮುಂಡೇದೆ, ಉಣ್ಣು’ ಎಂಬುದಕ್ಕಿಂತ ಅಕ್ಕರೆಯ ಕರೆ ನಮಗೆ ಇನ್ನೊಂದಿರಲಿಲ್ಲ. ಆ ಪದದ ಅರ್ಥ ವಿಧವೆ ಎಂಬುದೂ, ಅಜ್ಜಿ ಸ್ವತಃ ವಿಧವೆಯಾಗಿದ್ದರು ಎಂಬುದೂ ನನ್ನ ಮನಸ್ಸಿನಲ್ಲಿ ಒಟ್ಟಿಗೆ ಬಂದು ನಿಂತದ್ದು ಮೊನ್ನೆ.

ಕಳೆದ ವರ್ಷ ನನ್ನ ತಂದೆ ತೀರಿಕೊಂಡರು; ತಾಯಿ ಈಗ ನಮ್ಮ ಜೊತೆಗಿದ್ದಾರೆ. ಮೊನ್ನೆ ಸಂಜೆ ಅವರು ಜಗುಲಿಯ ಮೇಲೆ ಮೊರ ಇಟ್ಟುಕೊಂಡು ಸೊನೆ ಅವರೆಕಾಯಿ ಸುಲಿಯುತ್ತಿದ್ದಾಗ, ಮಗನ ಗೆಳೆಯನೊಬ್ಬ ಬಂದು ಅವನ ಬೆನ್ನಿಗೊಂದು ಗುದ್ದಿ, ‘ಎಲ್ಲಿಗ್ ಹೋಗಿದ್ಯೋ ಮುಂಡೇಮಗನೆ’ ಎಂದ. ಹುಡುಗರಿಬ್ಬರೂ ನಗುತ್ತಿದ್ದರು. ತಾಯಿಯ ಹೆಬ್ಬೆರಳು ಕಾಯಿಯ ಮೇಲೆ ಹಾಗೆಯೇ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮೊರವನ್ನೆತ್ತಿಕೊಂಡು ಒಳಗೆ ಹೋದರು. ಇಡೀ ಊರೇ ಅರ್ಥವನ್ನು ಮರೆತು ಆಡುವ ಇಂತಹ ಪದದಲ್ಲಿ ಅವಮಾನ ಉಳಿದಿರುತ್ತದೆಯೇ, ಅಥವಾ ನಾವೇ ಈಗ ಹುಡುಕಿ ತೆಗೆಯುತ್ತಿದ್ದೇವೆಯೇ? ತಿಳಿದವರು ಹೇಳಬೇಕು.

ಉತ್ತರ 1 (ನಿವೃತ್ತ ಕನ್ನಡ ಅಧ್ಯಾಪಕ, ಚಿಕ್ಕಮಗಳೂರು)

‘ಮುಂಡೆ’ ಎಂಬುದು ಸಂಸ್ಕೃತದ ‘ಮುಂಡ’ದಿಂದ ಬಂದದ್ದು, ತಲೆ ಬೋಳಿಸಿದವಳು ಎಂದರ್ಥ. ‘ಬೋಳಿ’ ಅದೇ ಅರ್ಥದ ಕನ್ನಡ ಪದ. ಗಂಡ ಸತ್ತ ಹೆಂಗಸಿನ ತಲೆಗೂದಲು ತೆಗೆಸುವ ಪದ್ಧತಿ ಇದ್ದದ್ದು ಕೆಲವು ಜಾತಿಗಳಲ್ಲಿ ಮಾತ್ರ. ನಮ್ಮ ಸೀಮೆಯ ಹಲವು ಒಕ್ಕಲು ಜನರಲ್ಲಿ ವಿಧವೆಯರು ‘ಕೂಡಿಕೆ’ ಮಾಡಿಕೊಂಡು ಮತ್ತೆ ಸಂಸಾರ ಹೂಡುತ್ತಿದ್ದರು. ಆದರೂ ಆ ಪದ್ಧತಿಯೇ ಇಲ್ಲದ ಮನೆಗಳಿಗೆ ಬೈಗುಳ ಮಾತ್ರ ಹೋಗಿ ಸೇರಿಕೊಂಡಿತು, ಸೇರಿದ ಮೇಲೆ ಮೂಲ ಚಿತ್ರ ಅಳಿಸಿಹೋಗಿ ‘ಮುಂಡೇದು’ ಎಂದರೆ ತುಂಟ ಮಗು ಎಂಬಷ್ಟಕ್ಕೆ ಇಳಿಯಿತು.

ಪದಗಳು ಎರಡೂ ದಿಕ್ಕಿಗೆ ಜಾರುತ್ತವೆ. ಬ್ರಹ್ಮಗಿರಿಯ ಬಂಡೆಯ ಮೇಲೆ ‘ದೇವಾನಾಂಪ್ರಿಯ’ ಎಂಬುದು ಅಶೋಕನ ಬಿರುದು. ಮುಂದೆ ಸಂಸ್ಕೃತ ವೈಯಾಕರಣರ ಬಾಯಲ್ಲಿ ಅದೇ ಪದಕ್ಕೆ ಮೂರ್ಖ ಎಂಬ ಅರ್ಥ ಬಂತು. ಹಳಗನ್ನಡದಲ್ಲಿ ‘ಕೂಳು’ ಎಂದರೆ ಬರಿಯ ಅನ್ನ. ಇಂದು ‘ಕೂಳು ತಿನ್ನು’ ಎಂದರೆ ಯಾರೂ ತಟ್ಟೆಯ ಮುಂದೆ ಕೂರುವುದಿಲ್ಲ. 12ನೆಯ ಶತಮಾನದ ವಚನಕಾರ್ತಿ ಸಂಕವ್ವೆಯ ಹೆಸರಿಗೆ ‘ಸೂಳೆ’ ಎಂಬುದು ಕಸುಬಿನ ಗುರುತಾಗಿ ಸೇರಿದೆ. ತರೀಕೆರೆಗೆ ದೂರವಲ್ಲದ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ಹೇಳಲು ನಾಲಿಗೆ ಬಾರದವರು ‘ಶಾಂತಿಸಾಗರ’ ಎನ್ನುತ್ತಾರೆ. ಆದ್ದರಿಂದ ವ್ಯುತ್ಪತ್ತಿಯನ್ನು ಹಿಡಿದುಕೊಂಡು ಇಂದಿನ ಬಳಕೆಯನ್ನು ತಪ್ಪೆನ್ನುವುದು ನನಗೆ ಒಪ್ಪಿಗೆಯಿಲ್ಲ. ನಿಮ್ಮ ಅಜ್ಜಿಯದು ಶುದ್ಧ ಮಮತೆ, ಅದರಲ್ಲಿ ಅನುಮಾನ ಬೇಡ.

ಉತ್ತರ 2 (ಅರಸೀಕೆರೆಯಿಂದ)

ಮೇಷ್ಟ್ರ ಮಾತಿನಲ್ಲಿ ತಿಳಿಯುವುದು ಬಹಳವಿದೆ, ಆದರೆ ತೀರ್ಮಾನವನ್ನು ನಾನು ಒಪ್ಪಲಾರೆ. ನಮ್ಮದು ಕ್ಷೌರ ಮಾಡುವ ಮನೆತನ. ‘ಹಜಾಮ’ ಎಂಬುದು ಅರಬ್ಬಿಯಿಂದ ಬಂದ ಪದ. ಅಲ್ಲಿ ಕೊಂಬಿಟ್ಟು ಕೆಟ್ಟ ರಕ್ತ ತೆಗೆಯುವ ಚಿಕಿತ್ಸಕನಿಗೆ ಆ ಹೆಸರು. ನಮ್ಮ ಹಿರಿಯರು ಊರಿನ ಹುಣ್ಣು ಕೊಯ್ದವರು, ಮದುವೆಗೆ ವಾಲಗ ಊದಿದವರು, ನಮ್ಮ ಅಜ್ಜಿಯರು ಬಾಣಂತನ ಮಾಡಿದವರು. ಇಷ್ಟೆಲ್ಲ ಒಳ್ಳೆಯ ಮೂಲವಿದ್ದೂ, ಬಸ್ಸಿನಲ್ಲಿ ಚಿಲ್ಲರೆಗಾಗಿ ಜಗಳವಾದಾಗ ಒಬ್ಬ ಇನ್ನೊಬ್ಬನನ್ನು ‘ಹಜಾಮ’ ಎಂದರೆ, ಜಗಳಕ್ಕೆ ಸಂಬಂಧವೇ ಇಲ್ಲದೆ ಮೂರನೆಯ ಸೀಟಿನಲ್ಲಿ ಕೂತಿರುವ ನನ್ನ ಮುಖ ಬಿಸಿಯಾಗುತ್ತದೆ. ನನ್ನ ತಂದೆಯ ಕಸುಬನ್ನು ಇನ್ನೊಬ್ಬನ ಮೇಲೆ ಎಸೆಯಲು ಕಲ್ಲಾಗಿ ಬಳಸಿದರಲ್ಲವೇ.

ಮೂಲ ಕೆಟ್ಟದ್ದಾದರೂ ಬಳಕೆ ಒಳ್ಳೆಯದು ಎಂದು ಮೇಷ್ಟ್ರು ಹೇಳುತ್ತಾರೆ. ನನ್ನ ಪದದ ಪಾಡು ಅದಕ್ಕೆ ತಲೆಕೆಳಗು. 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯಡಿಯ ಒಂದು ಪ್ರಕರಣದಲ್ಲಿ, ಉತ್ತರ ಭಾರತದ ಜಾತಿಯೊಂದರ ಹೆಸರನ್ನು ಬೈಗುಳವಾಗಿ ಆಡಿದ್ದರ ಬಗ್ಗೆ 2008ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇದನ್ನೇ: ಪದದ ಮೂಲಾರ್ಥವನ್ನಷ್ಟೇ ನೋಡಿದರೆ ಸಾಲದು, ಜನ ಇಂದು ಅದನ್ನು ಯಾವ ಅರ್ಥದಲ್ಲಿ ಆಡುತ್ತಾರೆಂಬುದನ್ನೂ ನೋಡಬೇಕು. ‘ಹರಿಜನ’ ಎಂಬುದನ್ನು ಗಾಂಧೀಜಿ ಗೌರವದಿಂದಲೇ ಬಳಕೆಗೆ ತಂದರು. ಕರೆಸಿಕೊಂಡವರು ಅದರಲ್ಲಿ ಕನಿಕರವನ್ನು ಕಂಡು ಬೇಡವೆಂದರು, ‘ದಲಿತ’ ಎಂದು ತಾವೇ ಹೇಳಿಕೊಂಡರು. ನೋವಾಗಿದೆಯೇ ಇಲ್ಲವೇ ಎಂಬುದನ್ನು ಆಡಿದವರು ತೀರ್ಮಾನಿಸುವುದು ಹೇಗೆ? ಆ ಜಗುಲಿಯ ಮೇಲೆ ಪದದ ಅರ್ಥ ಗೊತ್ತಿದ್ದದ್ದು ನಿಮ್ಮ ತಾಯಿಗೊಬ್ಬರಿಗೇ.

ಉತ್ತರ 3 (ವಿದ್ಯಾರ್ಥಿ, ಹಾಸನ)

ನಮ್ಮ ಹಾಸ್ಟೆಲಿನಲ್ಲಿ ದಿನಕ್ಕೆ ನೂರು ಸಲ ಈ ಪದ ಬರುತ್ತದೆ, ಮತ್ತು ಅಪರಿಚಿತರಿಗೆ ನಾವು ಅದನ್ನು ಅನ್ನುವುದೇ ಇಲ್ಲ. ಸಲಿಗೆ ಇದ್ದವರಿಗೆ ಮಾತ್ರ. ಹೊಸಬನೊಬ್ಬನಿಗೆ ಮೊದಲ ಸಲ ಹಾಗೆಂದ ದಿನವೇ ಅವನು ನಮ್ಮವನಾದ ಎಂದು ಲೆಕ್ಕ. ಆ ಸಲಿಗೆ ಸುಳ್ಳಲ್ಲ, ಅದನ್ನು ಹಿರಿಯರು ನಂಬಬೇಕು. ಆದರೆ ನಮ್ಮ ಕೋಣೆಯಲ್ಲಿ ಒಬ್ಬನಿಗೆ ತಂದೆಯಿಲ್ಲ. ಅವನೂ ಈ ಪದ ಆಡುತ್ತಾನೆ, ಕೇಳಿ ನಗುತ್ತಾನೆ. ನಿಮ್ಮ ಪ್ರಶ್ನೆ ಓದಿದ ಮೇಲೆ ಅವನನ್ನು ನೇರವಾಗಿ ಕೇಳಿದೆ. ‘ಮೊದಲ ವರ್ಷ ಕಷ್ಟವಾಗ್ತಿತ್ತು’ ಎಂದ, ಅಷ್ಟೇ. ನಾವು ಒಂದೇ ಕೋಣೆಯಲ್ಲಿದ್ದು ಮೂರು ವರ್ಷವಾಯಿತು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ತಾಯಿಯನ್ನೇ ಕೇಳಿದೆ. ಹುಡುಗನ ಮೇಲೆ ಅವರಿಗೆ ಸಿಟ್ಟಿಲ್ಲ. ಅವನು ಮತ್ತೆ ಬಂದರೆ ಊಟಕ್ಕೆ ಇರಿಸಿಕೋ ಎಂದರು. ಆಮೇಲೆ ನನಗೆ ಗೊತ್ತಿಲ್ಲದ ಒಂದು ವಿಷಯ ಹೇಳಿದರು. ಅಜ್ಜ ತೀರಿಕೊಂಡ ಮೇಲೆ ವರ್ಷಕ್ಕೂ ಹೆಚ್ಚು ಕಾಲ ಅಜ್ಜಿಯ ಬಾಯಲ್ಲಿ ಈ ಪದ ಬರಲಿಲ್ಲವಂತೆ. ಮಕ್ಕಳು ಎಷ್ಟೇ ಗಲಾಟೆ ಮಾಡಿದರೂ ‘ಮೂದೇವಿ’ ಎಂದಷ್ಟೇ ಗದರುತ್ತಿದ್ದರಂತೆ. ಒಂದು ದಿನ ಕೊಟ್ಟಿಗೆಯಿಂದ ‘ಏ ಮುಂಡೇದೆ’ ಎಂದು ಕರುವನ್ನು ಗದರುವುದು ಕೇಳಿಸಿದಾಗ, ಒಲೆಯ ಮುಂದಿದ್ದ ತಾಯಿಗೆ ‘ಸದ್ಯ, ಅತ್ತೆ ಚೇತರಿಸಿಕೊಂಡರು’ ಅನ್ನಿಸಿತಂತೆ.